ಡ್ರೈವರ್ ಹಿಂದಿನ ಸೀಟು ಮತ್ತು ಇಟಲಿಯ ಕಾರ್ಖಾನೆ

ಅರಸೀಕೆರೆಯಿಂದ ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುತ್ತಿದ್ದ ಒಂದು ಪ್ರೈವೇಟ್ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಕಿಟಕಿ ಪಕ್ಕದ ಸೀಟು ನನ್ನದಾಗಿತ್ತು. ಯಾರೂ ಬರೆದುಕೊಟ್ಟದ್ದಲ್ಲ, ಜಗಳವಾಡಿ ಗಳಿಸಿದ್ದು. ಹಳೇಬೀಡಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತುವಾಗ ಆ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಎದ್ದೇಳುವವರೆಗೂ ಅವರ ತಲೆಯ ಮೇಲೆ ನಿಂತಿರುತ್ತಿದ್ದೆ. ಕಂಡಕ್ಟರ್ ಎಷ್ಟೋ ಸಲ, "ಎದ್ದೇಳ್ರಪ್ಪ, ಮೇಡಮ್ಮೋರು ಬಂದ್ರು, ಇನ್ನು ನಮ್ಗೂ ನಿಮ್ಗೂ ಉಳಿಗಾಲ ಇಲ್ಲ" ಎಂದು ಜನರನ್ನು ಎಬ್ಬಿಸಿದ್ದಾನೆ. ನನಗೆ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಆ ಸೀಟು ಯಾಕೆ ಬೇಕು ಎಂಬುದು ಮಾತ್ರ ಡ್ರೈವರನ್ನೂ ನನ್ನ ಯಜಮಾನರನ್ನೂ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ.

ಆ ಬಸ್ಸಿನ ಬಾಡಿ ಕಟ್ಟಿದವರು ನನ್ನ ಯಜಮಾನರು. ಅರಸೀಕೆರೆಯಲ್ಲಿ, ಊರು ಮುಗಿದು ತೆಂಗಿನ ತೋಟ ಶುರುವಾಗುವ ಕಡೆ ಮಾವನವರು ಹಾಕಿದ ಶೆಡ್ಡಿತ್ತು. ಕಂಪನಿಯಿಂದ ಬರೀ ಚಾಸಿ ಬರುತ್ತಿತ್ತು: ಇಂಜಿನ್ನು, ಚಕ್ರ, ಸ್ಟೇರಿಂಗು, ಅಷ್ಟೇ. ಮೇಲೆ ಸೂರಿಲ್ಲ, ಮುಂದೆ ಗಾಜಿಲ್ಲ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು, ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನು ಓಡಿಸಿಕೊಂಡು ಬಂದು ನಿಲ್ಲಿಸುವಷ್ಟರಲ್ಲಿ ಅವನ ಹುಬ್ಬೆಲ್ಲ ಧೂಳಿನಿಂದ ನರೆತಿರುತ್ತಿತ್ತು. ಅದಕ್ಕೆ ನಮ್ಮವರು ಕಬ್ಬಿಣದ ಕಂಬ ನಿಲ್ಲಿಸಿ, ಮರದ ಪಟ್ಟಿ ಕೂರಿಸಿ, ಅಲ್ಯೂಮಿನಿಯಂ ತಗಡು ಹೊದಿಸಿ ರಿವಿಟ್ ಹೊಡೆದು ಬಸ್ಸು ಮಾಡುತ್ತಿದ್ದರು. ತಗಡು ಕತ್ತರಿಸುವ ಮೆಷಿನ್ನು ಅವರ ಬಲಗೈ ಕಿರುಬೆರಳಿನ ಅರ್ಧವನ್ನು ಮದುವೆಗೆ ಮೊದಲೇ ತಿಂದಿತ್ತು. ಹೆಣ್ಣು ನೋಡಲು ಬಂದಾಗ ಆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡೇ ಕೂತಿದ್ದರು. ಮದುವೆಯಾದ ಮೇಲೆ, "ಒಂಬತ್ತೂವರೆ ಬೆರಳು ಇಟ್ಕೊಂಡು ಪೂರ್ತಿ ಹೆಂಡತಿ ತಂದ್ರಿ" ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವರು ನಗುತ್ತಿದ್ದರು. ಆಗ ಇಬ್ಬರೂ ನಗುತ್ತಿದ್ದೆವು.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಎಲ್ಲ ತಗಡು ಮುಗಿದ ಮೇಲೆ ಒಂದೇ ಒಂದನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಡ್ರೈವರ್ ಹಿಂದಿನ ಸೀಟಿನ ಪಕ್ಕ, ಕಿಟಕಿಯ ಕೆಳಗೆ ಬರುವ ತಗಡು ಅದು. ವಾರ್ನಿಷಿನಲ್ಲಿ ಅರಿಶಿನ ಕಲಸಿ, ಮನೆಯ ಒಂದು ಮಗುವಿನ ಅಂಗೈಗೆ ಹಚ್ಚಿ, ಆ ತಗಡಿನ ಒಳಮೈಗೆ ಒತ್ತಿಸಿ, ಆಮೇಲೆ ರಿವಿಟ್ ಹೊಡೆದು ಮುಚ್ಚುತ್ತಿದ್ದರು. ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕೆ ಹೀಗೆ ಎಂದು ನಾನು ಹೊಸದರಲ್ಲಿ ಕೇಳಿದ್ದಕ್ಕೆ ಮಾವ ಹೇಳಿದ್ದರು: "ಒಳಗೆ ಮಗು ಐತೆ ಅಂತ ಬಸ್ಸಿಗೆ ಗೊತ್ತಿರ್ಬೇಕು ಕಣಮ್ಮ. ಆಗ ಮೆತ್ತಗೆ ಹೋಗ್ತದೆ."

ಸ್ಕೂಲಿಗೆ ಸೇರಿದ ಮಗುವಿನ ಕೈಯೇ ಆಗಬೇಕು ಎಂದು ಅವರದೇ ಒಂದು ಕಟ್ಟಳೆ. ನಮ್ಮ ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಈ ಬಸ್ಸಿನ ಕೆಲಸ ನಡೆದಿತ್ತು. ಅವಳಿಗೆ ಸಡಗರವೋ ಸಡಗರ. ಅಪ್ಪ ಎತ್ತಿಕೊಂಡು ಕೈ ಒತ್ತಿಸಿದರು. ಐದು ಬೆರಳೂ ಸರಿಯಾಗಿ ಮೂಡಿದವು. ಉಳಿದ ಅರಿಶಿನವನ್ನು ನನ್ನ ಸೀರೆಗೆ ಒರೆಸಿ, "ಅಮ್ಮ, ಇನ್ಮೇಲೆ ನಾನು ದಿನಾ ಬೇಲೂರಿಗೆ ಹೋಗಿ ಬತ್ತೀನಿ" ಎಂದಳು. ಅವರಪ್ಪ ತಗಡು ಕೂರಿಸಿ ರಿವಿಟ್ ಹೊಡೆದರು.

ಅದೇ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಅರಸೀಕೆರೆಯಿಂದ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವಾಪಸು ಕರೆತರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅವಳ ಫ್ರಾಕುಗಳನ್ನು ನನ್ನ ತಾಯಿ ತಮ್ಮ ಊರಾದ ಗಂಡಸಿಗೆ ತೆಗೆದುಕೊಂಡು ಹೋಗಿ ಯಾರಿಗೋ ಕೊಟ್ಟುಬಿಟ್ಟರು. ಕಣ್ಣೆದುರು ಇದ್ದರೆ ನಾನು ಉಳಿಯುವುದಿಲ್ಲ ಎಂದು ಅವರಿಗೆ ಹೆದರಿಕೆ. ಫೋಟೋ ಒಂದಿತ್ತು, ಅದರಲ್ಲಿ ಅವಳು ಅಲುಗಾಡಿ ಮುಖ ಮಸುಕಾಗಿತ್ತು. ಅವಳು ಇದ್ದಳು ಎಂಬುದಕ್ಕೆ ಈ ಭೂಮಿಯ ಮೇಲೆ ಉಳಿದದ್ದು ಆ ಬಸ್ಸಿನ ತಗಡಿನೊಳಗಿನ ಅಂಗೈ ಒಂದೇ. ನಾನು ಕೆಲಸಕ್ಕೆ ಮರಳಿದ ದಿನ ಆ ಬಸ್ಸು ಹತ್ತಿ, ಆ ಸೀಟಿನಲ್ಲಿ ಕೂತು, ಕಿಟಕಿಯ ಕೆಳಗೆ ಕೈ ಇಟ್ಟೆ. ಎರಡು ಬೆರಳು ದಪ್ಪದ ಹಲಗೆಯ ಆಚೆಗೆ ಅವಳ ಕೈ. ಜಾವಗಲ್ ದಾಟುವವರೆಗೂ ತೆಗೆಯಲಿಲ್ಲ. ಆಮೇಲೆ ಅದೇ ನನ್ನ ದಿನಚರಿಯಾಯಿತು. ಮನೆಯಲ್ಲಿ ಅವರೊಂದಿಗೆ ಮಾತು ಕಡಿಮೆಯಾಯಿತು. ಅನ್ನ ಬಡಿಸುತ್ತಿದ್ದೆ, ಬಟ್ಟೆ ಮಡಚುತ್ತಿದ್ದೆ. ಅವರೊಂದು ಮೂಲೆ, ನಾನೊಂದು ಮೂಲೆ. ಬೆಳಗಾದರೆ ಸಾಕು, ಬಸ್ಸಿಗೆ ಓಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಆ ಬಸ್ಸು ಒಂದು ಮದುವೆ ದಿಬ್ಬಣಕ್ಕೆ ಹೋದಾಗ ಹಗರೆ ಹತ್ತಿರ ಲಾರಿಯೊಂದು ಒರೆಸಿಕೊಂಡು ಹೋಯಿತು. ಜನಕ್ಕೆ ಅಂಥ ಪೆಟ್ಟೇನೂ ಆಗಲಿಲ್ಲ. ಸುದ್ದಿ ಕೇಳಿದವಳು ಊಟದ ತಟ್ಟೆ ಬಿಟ್ಟು ಎದ್ದೆ. ಯಜಮಾನರು ಹೋಗಿ ನೋಡಿ ಬಂದರು. "ಹಿಂದ್ಗಡೆ ಜಜ್ಜೈತೆ. ಆ ಕಡೆ ಏನೂ ಆಗಿಲ್ಲ ಕಣೇ, ನೀನು ಊಟ ಮಾಡು" ಎಂದರು. ಬಸ್ಸು ರಿಪೇರಿಗೆ ನಮ್ಮ ಶೆಡ್ಡಿಗೇ ಬಂತು. ನಾನು ನೋಡಲು ಹೋಗಲಿಲ್ಲ. ಅದನ್ನು ಬಿಚ್ಚಿ ಹಾಕಿದ್ದು ನೋಡುವ ಧೈರ್ಯ ನನಗಿರಲಿಲ್ಲ. ಹೊಸ ಬಣ್ಣ ಬಳಿದುಕೊಂಡು ಅದು ಮತ್ತೆ ರೂಟಿಗೆ ಬಂದಾಗ ನಾನು ಮತ್ತೆ ನನ್ನ ಜಾಗದಲ್ಲಿ ಕೂತೆ.

ಇಟಲಿಯ ಮುದುಕರು ಸಿಕ್ಕಿದ್ದು ಅದಾದ ಮೇಲೆ. ಶನಿವಾರ, ಅರ್ಧ ದಿನದ ಸ್ಕೂಲು. ಹಳೇಬೀಡಿನ ಬಸ್ ಸ್ಟ್ಯಾಂಡಿಗೆ ಬಂದರೆ ಉದ್ದ ಮೂಗಿನ ಬಿಳಿಯ ಮುದುಕರೊಬ್ಬರು ನಮ್ಮ ಬಸ್ಸಿನ ಮಗ್ಗುಲಲ್ಲಿ ಬಗ್ಗಿ, ಬೆರಳ ಗೆಣ್ಣಿನಿಂದ ತಗಡು ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. ಅದೂ ನನ್ನ ಸೀಟಿನ ಕೆಳಗೆ! ರಸ್ತೆಯ ಆಚೆಗೆ ದೇವಸ್ಥಾನದ ಗೋಡೆಯ ತುಂಬ ಆನೆ, ಸಿಂಹ, ಹಂಸಗಳು ಸಾಲುಗಟ್ಟಿ ನಿಂತಿವೆ. ಅವರ ತಂಡದವರೆಲ್ಲ ಅಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದರು. ಈ ಮನುಷ್ಯನಿಗೆ ನಮ್ಮ ಬಸ್ಸು! "ನೀವು ಇಷ್ಟು ದೂರ ಬಂದದ್ದು ಅದನ್ನು ನೋಡಲು, ಇದನ್ನಲ್ಲ" ಎಂದು ಇಂಗ್ಲಿಷಿನಲ್ಲಿ ಗದರಿಸಿದೆ.

ಅವರು ಕೈ ತೆಗೆದು ಕ್ಷಮೆ ಕೇಳಿದರು. ಆಮೇಲೆ, "ಇದು ಕೈಯಲ್ಲಿ ಬಡಿದ ತಗಡು, ಅಲ್ಲವೇ? ಬಡಿದವರು ಬದುಕಿದ್ದಾರೆಯೇ?" ಎಂದರು.

"ಬದುಕಿದ್ದಾರೆ. ಮನೆಯಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಾರೆ. ನನ್ನ ಗಂಡ" ಎಂದೆ.

ಮುದುಕರ ಕಣ್ಣು ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನ ಅವರ ತಂಡ ಬೇಲೂರಿನ ಗುಡಿ ನೋಡಲು ಹೋಯಿತು. ಇವರು ಗೈಡನ್ನು ಒಪ್ಪಿಸಿ, ಅದೇ ಬಸ್ಸು ಹತ್ತಿ ಅರಸೀಕೆರೆಗೆ ನಮ್ಮ ಮನೆಗೆ ಬಂದರು.

ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಮಾಡಿದ್ದೆ. ಚಟ್ನಿಯ ಖಾರಕ್ಕೆ ಅವರ ಮೂಗು ಕೆಂಪಗಾಯಿತು, ಆದರೂ ಬಿಡಲಿಲ್ಲ. ನನ್ನದು ಹೈಸ್ಕೂಲಿನ ಇಂಗ್ಲಿಷು, ಅವರದು ಅದಕ್ಕಿಂತ ಒಂದು ತರಗತಿ ಕಡಿಮೆ. ಹಾಗಾಗಿ ಹೊಂದಿಕೊಂಡಿತು. ಅವರು ಹೇಳಿದ್ದನ್ನು ನಾನು ಕನ್ನಡ ಮಾಡಿ ಯಜಮಾನರಿಗೆ ಹೇಳುತ್ತಾ ಹೋದೆ.

ಅವರು ಹುಟ್ಟಿದ್ದು ಇಟಲಿಯ ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿ. ಅಲ್ಲೊಂದು ಬಸ್ಸು ಕಾರ್ಖಾನೆ. ಅದನ್ನು ಶುರು ಮಾಡಿದಾತ ಗಾಡಿಯ ಚಕ್ರ ಮಾಡುವ ಬಡಗಿ. ಮೊದಲು ಶ್ರೀಮಂತರಿಗೆ ಕುದುರೆ ಸಾರೋಟು ಮಾಡಿಕೊಡುತ್ತಿದ್ದನಂತೆ. ಕುದುರೆ ಹೋಗಿ ಇಂಜಿನ್ನು ಬಂದಾಗ ಅದೇ ಮರದ ಸಾರೋಟನ್ನು ಉದ್ದ ಮಾಡಿ ಇಂಜಿನ್ನಿನ ಮೇಲೆ ಕೂರಿಸಿದ. ಅದೇ ಅವನ ಮೊದಲ ಬಸ್ಸು. ಬೆಟ್ಟದ ಊರುಗಳಿಗೆ ಟಪಾಲನ್ನೂ ಜನರನ್ನೂ ಹೊತ್ತು ಹೋಗುತ್ತಿತ್ತು. ಯುದ್ಧ ಬಂದಾಗ ಸರ್ಕಾರದವರು ಬಂದು ಗಾಯಾಳುಗಳ ಗಾಡಿ ಕಟ್ಟಿ ಎಂದರು, ಕಟ್ಟಿದರು. ಯುದ್ಧ ಮುಗಿದ ಮೇಲೆ ಜನರಿಗೆ ಎಲ್ಲಾದರೂ ಹೋಗಬೇಕು ಎಂಬ ಹಸಿವು. ಬಡಗಿಯ ಮಗ ದೊಡ್ಡ ದೊಡ್ಡ ಟೂರಿಸ್ಟ್ ಬಸ್ಸು ಕಟ್ಟಿಸಿದ. ಕೂತಲ್ಲೇ ಬೆಟ್ಟದ ನೆತ್ತಿ ಕಾಣಲಿ ಎಂದು ಸೂರಿನ ಅಂಚಿನಲ್ಲೂ ಗಾಜು ಹಾಕಿಸಿದ. ಅವು ಅಕ್ಕಪಕ್ಕದ ದೇಶಗಳಿಗೂ ಹೋದವು.

"ಸೂರಲ್ಲಿ ಗಾಜಾ? ನಮ್ ಬಿಸ್ಲಿಗೆ ಜನ ಒಳಗೇ ಬೆಂದೋಗ್ತಾರೆ ಅಂತ ಹೇಳು" ಎಂದರು ನಮ್ಮವರು. ಹೇಳಿದೆ. ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರೂ ನಕ್ಕರು. ಆ ನಗು ನಾನು ಕೇಳಿ ಬಹಳ ಕಾಲವಾಗಿತ್ತು, ರೊಟ್ಟಿ ತಟ್ಟುತ್ತಿದ್ದವಳು ಒಂದು ಗಳಿಗೆ ನಿಂತೆ.

ಆ ಊರಿಗೆ ಕಾರ್ಖಾನೆಯ ಸೈರನ್ನೇ ಗಡಿಯಾರವಂತೆ. ಇವರ ತಂದೆ ಅಲ್ಲಿ ತಗಡು ಬಡಿಯುತ್ತಿದ್ದರು, ತಾಯಿ ಸೀಟು ಹೊಲಿಯುತ್ತಿದ್ದರು. ಅವರಿಬ್ಬರ ಮದುವೆಯಾದದ್ದೂ ಅಲ್ಲಿಯ ಗುರುತಿನಿಂದಲೇ. ಮಗನೂ ದೊಡ್ಡವನಾಗಿ ತಂದೆಯ ಪಕ್ಕದಲ್ಲೇ ಸುತ್ತಿಗೆ ಹಿಡಿದ. ಆಮೇಲೆ ಬಡಗಿಯ ಮೊಮ್ಮಕ್ಕಳಲ್ಲಿ ಒಡಕು ಬಂತು. ಹೊರಗಿನ ದೊಡ್ಡ ಕಂಪನಿಯೊಂದು ಅರ್ಧ ಪಾಲು ಕೊಂಡಿತು, ಸ್ವಲ್ಪ ದಿನಕ್ಕೆ ಪೂರ್ತಿ ಕೊಂಡಿತು. ಯಾರನ್ನೂ ತೆಗೆಯುವುದಿಲ್ಲ ಎಂದು ಮಾತು ಕೊಟ್ಟರು. ಮೊದಲು ಸೀಟು ಹೊಲಿಯುವ ಹೆಂಗಸರು ಹೋದರು. ಆಮೇಲೆ ಬಣ್ಣದವರು. ತಗಡಿನ ಬದಲು ಎಲ್ಲಿಂದಲೋ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಬಂದು, ತಗಡಿನವರೂ ಹೋದರು. ಕೊನೆಗೆ ಕಂಪನಿಯ ಹೆಸರೊಂದನ್ನು ಬೇರೆ ದೇಶಕ್ಕೆ ಒಯ್ದು, ಅಲ್ಲಿ ತಯಾರಾದ ಬಸ್ಸುಗಳ ಮೂತಿಗೆ ಅಂಟಿಸಿದರಂತೆ. ಕೆಲಸದವರು ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಚಳಿಯಲ್ಲಿ ಗೇಟಿನ ಮುಂದೆ ಕೂತರು. ಗೇಟು ತೆರೆಯಲಿಲ್ಲ. ಈಗ ಆ ಜಾಗದಲ್ಲಿ ಒಂದು ದೊಡ್ಡ ಅಂಗಡಿಯಿದೆ. "ನನ್ನ ತಂದೆ ನಿಂತು ಕೆಲಸ ಮಾಡುತ್ತಿದ್ದ ಕಡೆ ಈಗ ಸಾಬೂನು ಮಾರುತ್ತಾರೆ" ಎಂದರು ಮುದುಕರು.

ಯಜಮಾನರು ತಟ್ಟೆಯಲ್ಲೇ ಕೈ ಒಣಗಿಸಿಕೊಂಡು ಕೇಳುತ್ತಿದ್ದರು. ನಮ್ಮ ಶೆಡ್ಡಿನಲ್ಲೂ ಆಗ ಹೊಸ ಬಾಡಿ ಕಟ್ಟುವುದು ನಿಂತು ಬರೀ ರಿಪೇರಿ ಉಳಿದಿತ್ತು. ಹೊಸ ಕಾನೂನಿನ ಪ್ರಕಾರ ಬಾಡಿ ಕಟ್ಟುವುದಕ್ಕೆ ದೊಡ್ಡ ಕಾರ್ಖಾನೆಗಳೇ ಬೇಕು, ಬಸ್ಸು ಕಂಪನಿಯಿಂದ ಪೂರ್ತಿ ತಯಾರಾಗಿಯೇ ಇಳಿಯುತ್ತದೆ. "ಎಲ್ಲಾರ್ ಮನೆ ದೋಸೆನೂ ತೂತೇ ಅಂತ ಹೇಳು" ಎಂದರು. ದೋಸೆ ಎಂದರೇನು ಎಂದು ವಿವರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಆಮೇಲೆ ಮುದುಕರು ತಮ್ಮ ತಟ್ಟುವ ಚಾಳಿಯ ಕಾರಣ ಹೇಳಿದರು. ಅವರ ಕಾರ್ಖಾನೆಯಲ್ಲಿ ತಗಡಿನವರು ಮುಚ್ಚುವ ಮೊದಲು ಒಳಗಡೆ ಪೆನ್ಸಿಲಿನಲ್ಲಿ ತಮ್ಮ ಹೆಸರು ಬರೆಯುತ್ತಿದ್ದರಂತೆ. ತಂದೆಯ ಗೋರಿಯ ಮೇಲಿನ ಹೆಸರು ಕಲ್ಲುಕುಟಿಗ ಬರೆದದ್ದು. ತಂದೆ ಸ್ವಂತ ಕೈಯಿಂದ ಬರೆದದ್ದು ಇರುವುದು ಆ ಬಸ್ಸುಗಳ ಹೊಟ್ಟೆಯಲ್ಲಿ ಮಾತ್ರ. ಹಾಗಾಗಿ ಎಲ್ಲಿ ಹಳೆಯ ಬಸ್ಸು ಕಂಡರೂ ಕೈ ತಾನಾಗಿ ತಟ್ಟುತ್ತದೆ.

ನಾನು ಅದನ್ನು ಯಜಮಾನರಿಗೆ ಕನ್ನಡದಲ್ಲಿ ಹೇಳಿ ಮುಗಿಸಿ ಮುದುಕರ ಕಡೆ ತಿರುಗಿದೆ. ನಮ್ಮ ಪದ್ಧತಿಯನ್ನೂ ಮಗಳ ಅಂಗೈಯನ್ನೂ ಅವರಿಗೆ ಹೇಳಿದೆ. ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

ಯಜಮಾನರು ಮಾತ್ರ ತಲೆ ಎತ್ತಲಿಲ್ಲ. ತಟ್ಟೆ ನೋಡುತ್ತಲೇ, "ಅವ್ರನ್ನ ಒಂದ್ ಮಾತು ಕೇಳು. ತಗಡು ಬಿಚ್ಚಿ ನೋಡ್ದಾಗ ಒಳಗೆ ಅವ್ರಪ್ಪನ ಹೆಸ್ರು ಇಲ್ದೇ ಹೋದ್ರೆ?" ಎಂದರು.

"ಊಟಕ್ಕೆ ಬಂದೋರ್ನ ಹಿಂಗಾ ಕೇಳೋದು?" ಎಂದೆ ನಾನು.

"ಕೇಳೇ."

ಕೇಳಿದೆ. ಮುದುಕರು ಯಜಮಾನರ ಮುಖವನ್ನೇ ನೋಡಿಕೊಂಡು ಉತ್ತರ ಕೊಟ್ಟರು. ಅವರ ಊರಿನ ಹತ್ತಿರ ಒಬ್ಬ ರೈತ ಅಂಥದೊಂದು ಬಸ್ಸನ್ನು ಕೋಳಿಗೂಡು ಮಾಡಿಕೊಂಡಿದ್ದಾನಂತೆ. ಬೇಕಾದರೆ ಬಿಚ್ಚಿ ನೋಡಿಕೋ ಎಂದನಂತೆ. ಇವರು ಉಳಿ ಸುತ್ತಿಗೆ ಹಿಡಿದು ಹೋದವರು, ತಟ್ಟಿ ಮಾತ್ರ ನೋಡಿ ಮೊಟ್ಟೆ ಕೊಂಡುಕೊಂಡು ವಾಪಸು ಬಂದರಂತೆ. "ಇಲ್ಲ ಎಂದು ಗೊತ್ತಾಗಿಬಿಟ್ಟರೆ ಆಮೇಲೆ ನಾನು ಯಾವ ಬಸ್ಸನ್ನು ತಟ್ಟಲಿ?"

ಅದನ್ನು ಹೇಳಿದಾಗ ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೊರಗೆ ಹೋದರು. ಶೆಡ್ಡಿನ ಸಂಕಟ ಎಂದುಕೊಂಡೆ. ಸಂಜೆ ಇಬ್ಬರೂ ಶೆಡ್ಡಿನಲ್ಲಿ ನನ್ನ ಹಂಗಿಲ್ಲದೆ, ಒಂದು ಸುತ್ತಿಗೆ ಒಂದು ತಗಡಿನ ತುಂಡು ಇಟ್ಟುಕೊಂಡು ಬಹಳ ಹೊತ್ತು ಬಡಿದರು. ಬೇಲೂರಿನ ಬಸ್ಸಿಗೆ ಹತ್ತಿಸುವಾಗ ಆ ದಿನಕ್ಕೆ ನನ್ನ ಸೀಟನ್ನು ಮುದುಕರಿಗೆ ಬಿಟ್ಟುಕೊಟ್ಟೆ. ಬಸ್ಸು ತಿರುಗುವಾಗ ಅವರ ಕೈ ಕಿಟಕಿಯ ಕೆಳಗೆ ಇರುವುದು ಕಂಡಿತು.

ಶೆಡ್ಡು ಮುಚ್ಚಿತು. ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ಕೂರಲು ನಮ್ಮಲ್ಲಿ ಯಾರಿದ್ದರು? ಯಜಮಾನರು ಬೀಗ ಹಾಕಿ ಬಂದು ಕಾಫಿ ಕೇಳಿದರು, ಅಷ್ಟೇ. ಮುಂದಿನ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಹಿತ್ತಲಲ್ಲಿ ಕುಸಿದರು. ನಾನು ಆಗ ಬಸ್ಸಿನಲ್ಲಿದ್ದೆ. ಜಾವಗಲ್ಲಿನಲ್ಲಿ ಫೋನು ಬಂತು. ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ವರ್ಷ ಬಸ್ಸಿನ ಸರದಿ. ವಯಸ್ಸಾಯಿತು, ಇನ್ನು ರಸ್ತೆಗೆ ಬಿಡುವುದಿಲ್ಲ ಎಂದರು. ಓನರು ಗುಜರಿಗೆ ಕೊಟ್ಟರು. ಡ್ರೈವರ್ ಮನೆಗೇ ಬಂದು ಹೇಳಿದ: "ಅಕ್ಕಾ, ನಾಳೆ ಒಡೀತಾರಂತೆ." ಅವನು ಬಿಕ್ಕೋಡಿನ ಕಡೆಯವನು, ಮೊದಲ ದಿನದಿಂದಲೂ ಆ ಬಸ್ಸಿನಲ್ಲೇ ತಲೆ ನರೆತವನು. ಇಟಲಿಯ ಮುದುಕರ ಮಾತು ನೆನಪಾಯಿತು. ಅವರ ಬಸ್ಸಿನಲ್ಲಿ ಕೋಳಿಯಾದರೂ ಮಲಗುತ್ತಿತ್ತು. ನನ್ನದನ್ನು ಮೆಷಿನ್ನಿಗೆ ಕೊಟ್ಟು ಉಂಡೆ ಮಾಡುತ್ತಾರೆ. ಬಿಚ್ಚದೆ ನನಗೆ ದಾರಿಯಿರಲಿಲ್ಲ. ಡ್ರೈವರನ್ನು ಕರೆದುಕೊಂಡು ಹೋದೆ. ಆ ಒಂದು ತಗಡು ನನಗೆ ಬೇಕು ಎಂದು ಗುಜರಿಯವರನ್ನು ಕೇಳಿದೆ. "ಒಂದ್ ತಗಡು ತಾನೆ, ತಗೊಂಡ್ ಹೋಗ್ರಮ್ಮ" ಎಂದು ಉಳಿಯಿಟ್ಟು ರಿವಿಟ್ಟುಗಳನ್ನು ಹಾರಿಸಿದರು. ಡ್ರೈವರ್ ಯಾಕೋ, "ಬ್ಯಾಡ ಬಿಡಿ ಅಕ್ಕಾ, ನೋಡ್ದೆ ಹಂಗೇ ತಗೊಂಡು ಹೋಗಣ" ಎನ್ನುತ್ತಲೇ ಇದ್ದ. ಸುಮ್ಮನಿರು ಎಂದು ಗದರಿಸಿದೆ.

ತಗಡನ್ನು ಮಗುಚಿ ನೆಲದ ಮೇಲೆ ಇಟ್ಟರು. ಹಳದಿ ಅಂಗೈ ಕಂಡಿತು.

ಇದ್ದಾಳೆ ಎಂದುಕೊಂಡೆ ಒಂದು ಗಳಿಗೆ. ಮಂಡಿಯೂರಿ ಕೂತೆ. ಆಮೇಲೆ ನೋಡಿದೆ. ಅದು ಮಗುವಿನ ಕೈಯಲ್ಲ. ಅಗಲವಾದ ದೊಡ್ಡ ಕೈ, ಗಂಡಸಿನ ಕೈ. ನಾಲ್ಕು ಬೆರಳು ಪೂರ್ತಿ ಮೂಡಿದ್ದವು. ಕಿರುಬೆರಳು ಅರ್ಧಕ್ಕೇ ನಿಂತಿತ್ತು.

ಡ್ರೈವರ್ ಅಳುತ್ತಾ ಹೇಳಿದ. "ಹಗರೆ ಆಕ್ಸಿಡೆಂಟಲ್ಲಿ ಈ ಕಡೆ ತಗಡೇ ಹರ್ದೋಗಿತ್ತು ಅಕ್ಕಾ. ಅಣ್ಣಾರು ಅಲ್ಲೇ ರಸ್ತೆ ಪಕ್ಕ ಹುಡುಕುದ್ರು. ಚೂರುಚೂರಾಗಿ ಲಾರಿ ಚಕ್ರಕ್ಕೆ ಸಿಕ್ಕಿತ್ತು, ಕೈಗುರ್ತು ಎಲ್ಲೂ ಉಳ್ದಿರ್ಲಿಲ್ಲ. ಹೊಸ ತಗಡು ಹೊಡೆಯೋ ದಿನ ಎಲ್ಲಾರ್ನೂ ಆಚೆಗೆ ಕಳ್ಸಿ ಒಬ್ರೇ ಶೆಡ್ಡಲ್ಲಿದ್ರು. 'ಅವ್ಳು ದಿನಾ ಅಲ್ಲಿ ಕೈ ಇಡ್ತಾಳೆ ಕಣೋ, ಖಾಲಿ ಬಿಡಕ್ಕಾಗಲ್ಲ. ಅವ್ಳಿಗೆ ಹೇಳ್ಬ್ಯಾಡ' ಅಂದ್ರು."

ನನಗೆ ಮೊದಲು ಬಂದದ್ದು ಕೋಪ. ಹೇಳಬಾರದಿತ್ತೇನ್ರೀ ಎಂದು ಆ ತಗಡಿಗೇ ಗಟ್ಟಿಯಾಗಿ ಕೇಳಿದೆ. ಗುಜರಿಯವರು ದೂರ ಸರಿದು ನಿಂತರು. ಮಗಳು ಎಂದೋ ಹೋಗಿದ್ದವಳು, ಆ ಗುಜರಿಯ ಅಂಗಳದಲ್ಲಿ ಮತ್ತೊಮ್ಮೆ ಹೋದಳು. ಅವಳು ಚೂರಾಗಿ ರಸ್ತೆಯಲ್ಲಿ ಬಿದ್ದದ್ದನ್ನು ನೋಡಿ ಬಂದ ಮನುಷ್ಯ ನನ್ನನ್ನು ಊಟ ಮಾಡು ಎಂದಿದ್ದರು. ಆ ದುಃಖವನ್ನು ಹೊರಲು ಅವರಿಗೆ ಜೊತೆ ಯಾರೂ ಇರಲಿಲ್ಲ. ಇಟಲಿಯ ಮುದುಕರನ್ನು ಅವತ್ತು ಅವರು ಕೇಳಿದ್ದು ನನ್ನ ಬಗ್ಗೆ ಎಂದು ಈಗ ಗೊತ್ತಾಯಿತು.

ತಗಡಿನ ಮೇಲೆ ನನ್ನ ಕೈ ಇಟ್ಟೆ. ಮಧ್ಯೆ ಹಲಗೆಯಿರಲಿಲ್ಲ. ಮಗಳ ಕೈ ಎಂದುಕೊಂಡು, ಹಗರೆಯ ಆಕ್ಸಿಡೆಂಟಾದ ಮೇಲಿನ ಅಷ್ಟೂ ವರ್ಷ, ದಿನ ಬೆಳಗಾದರೆ ನಾನು ಓಡಿ ಹೋಗಿ ಹಿಡಿಯುತ್ತಿದ್ದದ್ದು ಅವರ ಕೈ. ಅದೇ ಕೈ ಮನೆಯಲ್ಲಿ, ನನ್ನ ಎದುರಿಗೇ, ತಟ್ಟೆಯಲ್ಲಿ ಅನ್ನ ಕಲಸುತ್ತಿತ್ತು. ಅದನ್ನು ನಾನು ಒಂದು ಸಲವೂ ಹಿಡಿಯಲಿಲ್ಲ.